ಸೇರಿದವರು ಆರನೇ ವಾರಕ್ಕೆ ಎಲ್ಲಿ ಹೋದರು? ಸರ್ಕಾರಿ ಪದವಿ ಕಾಲೇಜಿನ ದಾಖಲಾತಿ ಕೆಲಸ

ಪದವಿ ಕಾಲೇಜಿನಲ್ಲಿ ಮಕ್ಕಳು ಕಡಿಮೆಯಾದರು ಎಂದ ಕೂಡಲೇ ಎಲ್ಲರೂ ಜೂನ್‌ನ ಅಡ್ಮಿಷನ್ ಪಟ್ಟಿ ತೆಗೆಯುತ್ತಾರೆ. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅಡ್ಮಿಷನ್ ಸಮಿತಿಯ ಕೆಲಸ ಹಿಡಿದ ಮೇಲೆ ನಾವು ಮೊದಲು ಮಾಡಿದ್ದು ಆ ಒಂದು ಸಂಖ್ಯೆಯನ್ನು ಐದಾಗಿ ಒಡೆದದ್ದು. ಅರ್ಜಿ ಹಾಕಿದವರು ಎಷ್ಟು, ಶುಲ್ಕ ಕಟ್ಟಿದವರು ಎಷ್ಟು, ಆರನೇ ವಾರದಲ್ಲಿ ಬೆಂಚಿನ ಮೇಲೆ ಇದ್ದವರು ಎಷ್ಟು, ಮೊದಲ ಸೆಮಿಸ್ಟರಿನ ಪರೀಕ್ಷಾ ಶುಲ್ಕ ಕಟ್ಟಿದವರು ಎಷ್ಟು, ಮೂರನೇ ಸೆಮಿಸ್ಟರಿಗೆ ಹೆಸರು ನೋಂದಾಯಿಸಿದವರು ಎಷ್ಟು. ಬಿಎ, ಬಿಕಾಂ, ಬಿಎಸ್ಸಿ ಬೇರೆ ಬೇರೆ. ಹುಡುಗರು, ಹುಡುಗಿಯರು ಬೇರೆ ಬೇರೆ. ಒಂದು ಎಕ್ಸೆಲ್ ಹಾಳೆ ಸಾಕು.

ಹಾಗೆ ಒಡೆದರೆ ರಂಧ್ರ ಎಲ್ಲಿದೆ ಎಂದು ಕಾಣುತ್ತದೆ. 120 ಜನ ಶುಲ್ಕ ಕಟ್ಟಿ, ಆರನೇ ವಾರಕ್ಕೆ 95 ಉಳಿದು, ಪರೀಕ್ಷಾ ಶುಲ್ಕಕ್ಕೆ 90 ಆದರು ಎಂದುಕೊಳ್ಳಿ. ಆಗ ಸಮಸ್ಯೆ ಪಾಠದ್ದಲ್ಲ, ಮೊದಲ ಆರು ವಾರದ್ದು. ಅದೇ ಪರೀಕ್ಷಾ ಶುಲ್ಕಕ್ಕೆ 118 ಇದ್ದವರು ಮೂರನೇ ಸೆಮಿಸ್ಟರಿಗೆ 80 ಆದರೆ ಫಲಿತಾಂಶ ಮತ್ತು ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ಪತ್ರಿಕೆಗಳು) ಕಡೆ ನೋಡಬೇಕು. ಎರಡಕ್ಕೂ ಒಂದೇ ಮದ್ದು ಕೊಡಹೋಗಿ ಸಿಬ್ಬಂದಿ ಸಭೆಗಳಲ್ಲಿ ಬೇಕಾದಷ್ಟು ಕಾಲ ಹಾಳಾಗಿದೆ.

ಬಿಎಸ್ಸಿಯಲ್ಲಿ ಇನ್ನೊಂದು ಕಾಲಂ ಬೇಕೇಬೇಕು: ಬೇರೆ ಕೋರ್ಸಿಗೆ ಹೋದವರು. ವೃತ್ತಿಪರ ಕೋರ್ಸುಗಳಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಸೀಟು ಹಂಚಿಕೆಯ ಸುತ್ತುಗಳು ನಮ್ಮ ತರಗತಿ ಶುರುವಾದ ಮೇಲೂ ನಡೆಯುತ್ತವೆ. ಎಂಜಿನಿಯರಿಂಗ್, ನರ್ಸಿಂಗ್, ಪ್ಯಾರಾಮೆಡಿಕಲ್ ಸೀಟು ಸಿಕ್ಕವರು ಎದ್ದು ಹೋಗುತ್ತಾರೆ. ಅವರ ಹಿಂದೆ ಫೋನ್ ಹಿಡಿದು ಓಡುವುದು ವ್ಯರ್ಥ, ಟಿಸಿ ತಡೆಯುವುದು ತಪ್ಪು. ಮೂಲ ದಾಖಲೆಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಹೇಳಿದೆ. ನಾವು ಹಿಡಿಯಬೇಕಾದ್ದು ಎಲ್ಲಿಗೂ ಹೋಗದೆ ಮನೆಯಲ್ಲಿ ಕೂತವರನ್ನು. ಅವರು ಹೇಳಿ ಹೋಗುವುದಿಲ್ಲ, ಟಿಸಿಯನ್ನೂ ಕೇಳುವುದಿಲ್ಲ. ಹಾಗಾಗಿ ಕಚೇರಿಯ ದಾಖಲೆಯಲ್ಲಿ ಮೂರು ವರ್ಷವೂ ನಮ್ಮ ವಿದ್ಯಾರ್ಥಿಗಳೇ.

ಪಿಯು ಕಾಲೇಜುಗಳ ಭೇಟಿಯನ್ನು ಮೇ ತಿಂಗಳಿಂದ ಡಿಸೆಂಬರಿಗೆ ತಂದೆವು. ಪರೀಕ್ಷೆ ಮುಗಿದ ಮೇಲೆ ಮಕ್ಕಳು ಒಂದೆಡೆ ಸಿಗುವುದೇ ಇಲ್ಲ. ಹೋದಾಗ ಭಾಷಣ ಬಿಗಿಯುವುದಿಲ್ಲ, ಒಂದು ಪುಟ ಕೊಡುತ್ತೇವೆ. ಅದರಲ್ಲಿ ಪ್ರವರ್ಗವಾರು ಕೈಯಿಂದ ಕಟ್ಟಬೇಕಾದ ಶುಲ್ಕ, ಯಾವ ಊರಿಂದ ಎಷ್ಟು ಗಂಟೆಗೆ ಬಸ್ಸು, ಹಾಸ್ಟೆಲ್ ಅರ್ಜಿ ಯಾವಾಗ, ಸಿಗಬಹುದಾದ ವಿದ್ಯಾರ್ಥಿವೇತನದ ಮೊತ್ತ ಇರುತ್ತವೆ. ರೈತರ ಮಕ್ಕಳಿಗೆ ಸರ್ಕಾರ ಕೊಡುವ ರೈತ ವಿದ್ಯಾನಿಧಿ ಪದವಿಗೆ ವರ್ಷಕ್ಕೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ. ಹತ್ತನೆಯದನ್ನೂ ಪಿಯುಸಿಯನ್ನೂ ಸರ್ಕಾರಿ ಸಂಸ್ಥೆಯಲ್ಲೇ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನಿಂದ ವರ್ಷಕ್ಕೆ 30,000. ಅಪ್ಪ ಅಮ್ಮ ಓದುವುದು ಈ ಸಾಲುಗಳನ್ನೇ. ಕಾಲೇಜಿನ ಗುಣಮಟ್ಟಕ್ಕೆ ಕೊಡುವ ನ್ಯಾಕ್ ಗ್ರೇಡನ್ನು ಯಾರೂ ಕೇಳಲಿಲ್ಲ. ಕೋರ್ಸು ಮೂರು ವರ್ಷವೋ ನಾಲ್ಕೋ ಎಂಬುದನ್ನು ಮಾತ್ರ ಎಲ್ಲರೂ ಕೇಳುತ್ತಾರೆ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರಕ್ಕೆ ಬಂದೆವು. ಊರಿನವರ ತಲೆಯಲ್ಲಿ ಆ ಗೊಂದಲ ಇನ್ನೂ ಹೋಗಿಲ್ಲ. ಹಾಳೆಯ ಮೊದಲ ಸಾಲಿನಲ್ಲೇ ದಪ್ಪಕ್ಷರದಲ್ಲಿ ‘ಮೂರು ವರ್ಷ’ ಎಂದು ಹಾಕಿದ್ದೇವೆ.

ಇನ್ನು ಅಡ್ಮಿಷನ್ ಟೇಬಲ್. ಅರ್ಧ ಕೆಲಸ ಇಲ್ಲೇ ಕೆಡುತ್ತದೆ.

ಮೊದಲನೆಯದು ಮೊಬೈಲ್ ನಂಬರ್. ಯುಯುಸಿಎಂಎಸ್ (ಪ್ರವೇಶ, ಪರೀಕ್ಷೆಗಳ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಖಾತೆಯನ್ನು ಹುಡುಗ ಸೈಬರ್ ಸೆಂಟರಿನಲ್ಲಿ ಮಾಡಿಸಿಕೊಂಡು ಬಂದಿರುತ್ತಾನೆ, ಅದರಲ್ಲಿ ಇರುವುದು ಅಂಗಡಿಯವನ ನಂಬರ್. ಮುಂದೆ ಪರೀಕ್ಷಾ ಶುಲ್ಕ ಕಟ್ಟುವ ದಿನ ಒಟಿಪಿ ಅಂಗಡಿಗೆ ಹೋಗುತ್ತದೆ, ಅಂಗಡಿ ಅಂದು ಬಾಗಿಲು ಹಾಕಿರುತ್ತದೆ. ಆದ್ದರಿಂದ ಅರ್ಜಿಯಲ್ಲಿರುವ ನಂಬರಿಗೆ ಟೇಬಲ್ಲಿನಿಂದಲೇ ಮಿಸ್ಡ್ ಕಾಲ್ ಕೊಡುತ್ತೇವೆ. ಎದುರಿಗಿರುವವರ ಜೇಬಿನಲ್ಲಿ ರಿಂಗಾಗದಿದ್ದರೆ ಅಲ್ಲೇ ಬದಲಿಸುತ್ತೇವೆ. ತಾಯಿಯ ನಂಬರನ್ನೂ ಬರೆದುಕೊಳ್ಳುತ್ತೇವೆ; ತಂದೆಯ ಫೋನು ಹೊಲದಲ್ಲಿ ಸಿಗ್ನಲ್ ಇಲ್ಲದೆ ಇರುವುದೇ ಹೆಚ್ಚು.

ಎರಡನೆಯದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಹನುಮಂತಪ್ಪ ಬಡಿಗೇರ’, ಆಧಾರ್‌ನಲ್ಲಿ ‘ಮಂಜುನಾಥ ಎಚ್ ಬಿ’ ಎಂದಿದ್ದರೆ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ ಮುಂದಕ್ಕೆ ಬಿಡದು. ಆಧಾರ್‌ನಲ್ಲಿ ಹೆಸರನ್ನು ಎರಡೇ ಸಲ ಬದಲಿಸಲು ಅವಕಾಶ. ಆದ್ದರಿಂದ ಅಂಕಪಟ್ಟಿಯಲ್ಲಿ ಇದ್ದಂತೆ ಅಕ್ಷರಕ್ಕೆ ಅಕ್ಷರ ಚೀಟಿಯಲ್ಲಿ ಬರೆದು ಕೈಗೆ ಕೊಟ್ಟು ಕಳಿಸಬೇಕು. ಬರೀ ಬಾಯಲ್ಲಿ ಹೇಳಿದರೆ ಇನ್ನೊಂದು ತಪ್ಪಿನೊಂದಿಗೆ ವಾಪಸ್ ಬರುತ್ತಾರೆ.

ಮೂರನೆಯದು ಬ್ಯಾಂಕು, ಎಲ್ಲಕ್ಕಿಂತ ಹೆಚ್ಚು ಕಾಡುವುದು. ಪಾಸ್‌ಬುಕ್ಕಿನಲ್ಲಿ ಆಧಾರ್ ಲಿಂಕ್ ಆಗಿದೆ ಎಂದಿದ್ದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಹಣ ಯಾವ ಖಾತೆಗೆ ಹೋಗಬೇಕೆಂಬ ಗುರುತು; ಸೀಡಿಂಗ್ ಎನ್ನುವುದೂ ಇದನ್ನೇ) ಆಗಿರಬೇಕು. ಅವೆರಡೂ ಒಂದೇ ಎಂದು ಬ್ಯಾಂಕಿನ ಕೌಂಟರಿನಲ್ಲೇ ಹೇಳಿ ಕಳಿಸುವುದುಂಟು. ಹಣ ಬೀಳುವುದು ಕೊನೆಗೆ ಮ್ಯಾಪ್ ಆದ ಖಾತೆಗೆ. ಅದು ಬಹಳ ಸಲ ಹೈಸ್ಕೂಲಿನಲ್ಲಿ ಸ್ಕಾಲರ್‌ಶಿಪ್ಪಿಗೆಂದು ತೆರೆದು ಮರೆತ ಖಾತೆಯಾಗಿರುತ್ತದೆ. ಎರಡು ವರ್ಷ ವಹಿವಾಟು ಇಲ್ಲದಿದ್ದರೆ ಅಂಥ ಖಾತೆ ನಿಷ್ಕ್ರಿಯ. ಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಬ್ಯಾಂಕಿನ ಹೆಸರೂ ಸಕ್ರಿಯವೋ ಇಲ್ಲವೋ ಎಂಬುದೂ ಬರುತ್ತದೆ. ಒಬ್ಬರಿಗೆ ಎರಡು ನಿಮಿಷ. ಸರಿಯಿಲ್ಲದವರನ್ನು ಅಂಚೆ ಕಚೇರಿಗೆ ಕಳಿಸಿ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆಸಿ ಸೀಡಿಂಗ್ ಮಾಡಿಸುವುದು ಸುಲಭದ ದಾರಿ. ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರಿನ (ಪತ್ರದ ಮೇಲಿನ ಕ್ರಮಸಂಖ್ಯೆ) ಜೊತೆಗೆ ದಿನಾಂಕವನ್ನೂ ನೋಡಿ. ಆದಾಯಕ್ಕೆ ಐದು ವರ್ಷದ ಅವಧಿ. ಒಂಬತ್ತನೇ ತರಗತಿಯಲ್ಲಿ ಮಾಡಿಸಿದ್ದು ಪದವಿಯ ನಡುವೆಯೇ ಸತ್ತುಹೋಗುತ್ತದೆ.

ಇದಕ್ಕೂ ದಾಖಲಾತಿಗೂ ಏನು ಸಂಬಂಧ ಎನ್ನಬೇಡಿ. ಎರಡನೇ ವರ್ಷದ ಶುಲ್ಕವನ್ನು ಸ್ಕಾಲರ್‌ಶಿಪ್ ನಂಬಿ ಲೆಕ್ಕ ಹಾಕಿದ ಮನೆಗೆ ಅದು ಬಾರದಿದ್ದರೆ, ಮಗಳ ಓದು ನಿಲ್ಲುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಬಸ್ಸಿನ ವಿಷಯ. ತರಗತಿ 9.30ಕ್ಕೆ, ಹಳ್ಳಿಯ ಮೊದಲ ಬಸ್ಸು ನಿಲ್ದಾಣಕ್ಕೆ ಬರುವುದು 9.50ಕ್ಕೆ ಎಂದಾದರೆ ಮೊದಲ ಪಿರಿಯಡ್ಡಿನ ಹಾಜರಾತಿ ಶೇ 75ಕ್ಕೆ ಮುಟ್ಟುವುದೇ ಇಲ್ಲ. ಹಾಜರಾತಿ ಕಡಿಮೆ ಎಂದು ಬೈಸಿಕೊಂಡ ಹುಡುಗ ಕಾಲೇಜಿಗೇ ಬರುವುದನ್ನು ಬಿಡುತ್ತಾನೆ. ಟೈಮ್‌ಟೇಬಲ್ ಮಾಡುವ ಮೊದಲು ಬಸ್ಸಿನ ಪಟ್ಟಿ ಪಕ್ಕದಲ್ಲಿರಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಓಡಾಟದ ಖರ್ಚು ಇಲ್ಲವಾಯಿತು, ಇದು ದೊಡ್ಡ ಲಾಭ. ಆದರೆ ತುಂಬಿದ ಬಸ್ಸು ಕೊನೆಯ ಎರಡು ಹಳ್ಳಿಗಳಲ್ಲಿ ನಿಲ್ಲುವುದಿಲ್ಲ, ಪಾಸ್ ಹಿಡಿದ ಹುಡುಗರೂ ರಸ್ತೆಯಲ್ಲೇ ಉಳಿಯುತ್ತಾರೆ. ಡಿಪೊಗೆ ಮನವಿ ಪತ್ರ ಕೊಟ್ಟರೆ ಕಡತಕ್ಕೆ ಸೇರುತ್ತದೆ. ಯಾವ ನಿಲ್ದಾಣ, ಎಷ್ಟು ಗಂಟೆಯ ಬಸ್ಸು, ಸತತ ಐದು ದಿನ ಹತ್ತಲಾಗದೆ ಉಳಿದವರ ಲೆಕ್ಕ ಎಷ್ಟು ಎಂದು ಒಂದು ಕೋಷ್ಟಕ ಒಯ್ಯಿರಿ. ಡಿಪೊ ಮ್ಯಾನೇಜರ್ ಹತ್ತು ನಿಮಿಷ ಹಿಂದೆಮುಂದೆ ಮಾಡಬೇಕಾದರೂ ಮೇಲಿನವರಿಗೆ ತೋರಿಸಲು ಅಂಕಿ ಬೇಕು.

ಅತಿಥಿ ಉಪನ್ಯಾಸಕರ ನೇಮಕ ತಡವಾದ ವರ್ಷ ಮೊದಲ ವಾರಗಳಲ್ಲಿ ದಿನಕ್ಕೆ ಎರಡು ಪಿರಿಯಡ್ ಖಾಲಿ. ಬೆಳಿಗ್ಗೆ ಒಂದು ಪಾಠ, ನಡುವೆ ಎರಡು ಖಾಲಿ, ಮಧ್ಯಾಹ್ನ ಇನ್ನೊಂದು ಪಾಠ ಎಂಬಂತೆ ಬಿಟ್ಟರೆ ಹದಿನೈದು ದಿನದಲ್ಲಿ ತರಗತಿ ಚದುರುತ್ತದೆ. ಇರುವ ಪಾಠಗಳನ್ನು ಒತ್ತೊತ್ತಾಗಿ ಜೋಡಿಸಿ, ಖಾಲಿಯನ್ನು ದಿನದ ಕೊನೆಗೆ ತಳ್ಳುವ ತಾತ್ಕಾಲಿಕ ಟೈಮ್‌ಟೇಬಲ್ಲನ್ನು ಮೊದಲೇ ತಯಾರಿಟ್ಟುಕೊಳ್ಳುತ್ತೇವೆ. ಆ ಹೊತ್ತಿನಲ್ಲೇ, ಕಲಾ ವಿಭಾಗದಿಂದ ಬಿಕಾಂಗೆ ಬಂದವರಿಗೆ 20 ಗಂಟೆಯ ಲೆಕ್ಕಶಾಸ್ತ್ರ: ಜರ್ನಲ್, ಲೆಡ್ಜರ್, ತಾಳೆಪಟ್ಟಿ, ಅಷ್ಟೇ. ಅಂತಿಮ ಲೆಕ್ಕಪತ್ರಗಳಿಗೆ ಕೈ ಹಾಕಿದರೆ ಯಾವುದೂ ಮುಗಿಯುವುದಿಲ್ಲ. ಪಿಯು ಪರೀಕ್ಷೆ-2ರಲ್ಲಿ ಪಾಸಾಗಿ ತಡವಾಗಿ ಸೇರುವವರನ್ನೂ ಇದೇ ಗುಂಪಿಗೆ ಹಾಕುತ್ತೇವೆ. ಎಲ್ಲರಿಗಿಂತ ಮೊದಲು ಬಿಟ್ಟು ಹೋಗುವವರು ಅವರೇ. ಬರುವ ಹೊತ್ತಿಗೆ ಗೆಳೆತನಗಳು ಕಟ್ಟಿಕೊಂಡಿರುತ್ತವೆ, ನೋಟ್ಸ್ ಕೊಡುವವರು ಸಿಗುವುದಿಲ್ಲ.

ಗೈರಾದವರಿಗೆ ನಮ್ಮ ನಿಯಮ ಸರಳ. ಸತತ ಮೂರು ದಿನ ಬಾರದಿದ್ದರೆ ಅದೇ ಊರಿನ ಸಹಪಾಠಿಯಿಂದ ವಿಚಾರಣೆ, ಐದು ದಿನಕ್ಕೆ ಮೆಂಟರ್ (ಆ ಗುಂಪಿನ ಹೊಣೆ ಹೊತ್ತ ಅಧ್ಯಾಪಕರು) ಫೋನ್, ಹತ್ತಕ್ಕೆ ಮನೆಗೆ. ಒಬ್ಬ ಮೆಂಟರ್‌ಗೆ 20–25 ಮಕ್ಕಳಿಗಿಂತ ಹೆಚ್ಚಾದರೆ ಫೋನ್ ಮಾಡಿದಂತೆ ರಿಜಿಸ್ಟರ್ ಬರೆಯುವ ಅಭ್ಯಾಸ ಶುರುವಾಗುತ್ತದೆ. ‘ಯಾಕೆ ಬಂದಿಲ್ಲ?’ ಎಂದು ಕೇಳಿದರೆ ಸಿಗುವುದು ‘ಹುಷಾರಿರಲಿಲ್ಲ ಸರ್’. ‘ನಾಳೆ ಬರೋಕೆ ಏನು ಅಡ್ಡಿ?’ ಎಂದು ಕೇಳಿ ನೋಡಿ. ಪೆಟ್ರೋಲ್ ಬಂಕಿನ ಶಿಫ್ಟು, ಅಡಿಕೆ ಕೊಯ್ಲು, ಕಟ್ಟದ ಬಾಕಿ, ಗೊತ್ತಾದ ಮದುವೆ ಒಂದೊಂದಾಗಿ ಹೊರಬರುತ್ತವೆ. ಶಿಫ್ಟು ಇರುವವನಿಗೆ ಪ್ರಾಕ್ಟಿಕಲ್ ಬ್ಯಾಚ್ ಬದಲಿಸಿ ಕೊಡಬಹುದು. ಮದುವೆಯ ಮುಂದೆ ನಮ್ಮ ಕೈ ಚಿಕ್ಕದು. ಆದರೂ ಪರೀಕ್ಷೆಗಾದರೂ ಕಳಿಸಿ ಎಂಬ ಮಾತನ್ನು ಎರಡೂ ಮನೆಯವರಿಂದ ಪಡೆದುಕೊಳ್ಳಬೇಕು, ಅದು ಮದುವೆಗೆ ಮುಂಚೆಯೇ.

ಫ್ಲೆಕ್ಸ್, ಜಾಥಾ, ಉಚಿತ ಬ್ಯಾಗು ಯಾವುದೂ ಕೆಲಸಕ್ಕೆ ಬರಲಿಲ್ಲ. ಪೋಷಕರ ವಾಟ್ಸಾಪ್ ಗುಂಪು ಹಬ್ಬದ ಶುಭಾಶಯದಲ್ಲಿ ಮುಳುಗಿತು.

ಸ್ನಾತಕೋತ್ತರ ವಿಭಾಗದ ಕಥೆ ಬೇರೆ. ಆರನೇ ಸೆಮಿಸ್ಟರ್ ಫಲಿತಾಂಶ ತಡವಾದಷ್ಟೂ ಮಕ್ಕಳು ಬಿಎಡ್‌ಗೋ ಕೆಲಸಕ್ಕೋ ಹೋಗಿಬಿಡುತ್ತಾರೆ, ಎಂಎ ಅಧಿಸೂಚನೆ ಬರುವಷ್ಟರಲ್ಲಿ ಪಟ್ಟಿ ಖಾಲಿ. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಲು ಹೇಳಿದ ಸುದ್ದಿ ಹಬ್ಬಿದ ಮೇಲೆ, ‘ಸರ್ಟಿಫಿಕೇಟ್ ನಡೆಯುತ್ತಾ?’ ಎಂಬ ಪ್ರಶ್ನೆಗೆ ಟೇಬಲ್ಲಿನಲ್ಲಿ ಕೂತವರೆಲ್ಲ ಒಂದೇ ಉತ್ತರ ಕೊಡುವಂತೆ ಬರೆದಿಟ್ಟುಕೊಳ್ಳಬೇಕಾಯಿತು.

ಪರೀಕ್ಷಾ ಶುಲ್ಕದ ಪೋರ್ಟಲ್ ತೆರೆದ ದಿನದಿಂದ ಕಟ್ಟದವರ ಪಟ್ಟಿಯನ್ನು ದಿನಾ ಸಂಜೆ ಮೆಂಟರ್‌ಗಳಿಗೆ ಹಂಚುತ್ತೇವೆ. ದಂಡದ ದಿನಾಂಕಕ್ಕೆ ಕಾಯುವುದಿಲ್ಲ. ಎರಡನೇ ಸೆಮಿಸ್ಟರ್ ಫಲಿತಾಂಶ ಬಂದ ವಾರ ಇನ್ನೊಂದು ಸುತ್ತಿನ ಫೋನ್, ಮೂರಕ್ಕಿಂತ ಹೆಚ್ಚು ಪತ್ರಿಕೆ ಹೋದವರಿಗೆ ಮಾತ್ರ. ಅವರಲ್ಲಿ ಹೆಚ್ಚಿನವರು ಪಿಯುಸಿಯ ಲೆಕ್ಕದಲ್ಲೇ ಇರುತ್ತಾರೆ: ಫೇಲಾದೆ, ಇನ್ನು ಮುಂದಿನ ತರಗತಿಗೆ ಹೋಗುವಂತಿಲ್ಲ. ಬ್ಯಾಕ್‌ಲಾಗ್ ಇಟ್ಟುಕೊಂಡೇ ಮೂರನೇ ಸೆಮಿಸ್ಟರಿಗೆ ಕೂರಲು ನಮ್ಮ ವಿಶ್ವವಿದ್ಯಾಲಯದ ನಿಯಮ ಬಿಡುತ್ತದೆ ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ.