ಮಲೆನಾಡಿನ ಮನೆಯಲ್ಲಿ ರೆಗೇ ಪೋಸ್ಟರ್: ಸಹಿಯನ್ನು ಪರೀಕ್ಷಿಸಿ ಕಾಪಾಡುವ ಬಗೆ

ಜಮೈಕಾದಲ್ಲಿ ಹುಟ್ಟಿದ ರೆಗೇ ಸಂಗೀತದ ಕಲಾವಿದರು ಸಹಿ ಮಾಡಿದ ಸಂಗೀತ ಕಾರ್ಯಕ್ರಮದ ಪೋಸ್ಟರಿನ ಬೆಲೆಯೆಲ್ಲ ಆ ಸಹಿಯ ಶಾಯಿಯಲ್ಲಿದೆ. ಕೊಳ್ಳುವ ಮೊದಲು ಆ ಶಾಯಿ ಅಸಲಿಯೇ ಎಂದು ನೋಡಬೇಕು; ಕೊಂಡ ಮೇಲೆ ಅದನ್ನು ಬೆಳಕು ಮತ್ತು ತೇವದಿಂದ ಕಾಯಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ವಾಸಿಸುವವರಿಗೆ ಎರಡನೆಯದೇ ಹೆಚ್ಚು ಕಷ್ಟದ ಕೆಲಸ.

ಮೊದಲು ಕಾಲವನ್ನು ತಾಳೆ ನೋಡಿ. ರೆಗೇಯ ಅತಿ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿಯವರ ಕೊನೆಯ ಕಾರ್ಯಕ್ರಮ ನಡೆದದ್ದು 1980ರ ಸೆಪ್ಟೆಂಬರ್ 23ರಂದು, ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ. ಕಾಯಿಲೆಯಿಂದಾಗಿ ಆ ಪ್ರವಾಸದ ಉಳಿದ ಕಾರ್ಯಕ್ರಮಗಳು ರದ್ದಾದವು, 1981ರ ಮೇ 11ರಂದು ಅವರು ತೀರಿಕೊಂಡರು. ಹಾಗಿರುವಾಗ 1980ರ ಅಕ್ಟೋಬರಿನ ಪೋಸ್ಟರನ್ನು ತೋರಿಸಿ, ಅಂದು ಹಾಡಿ ಮುಗಿಸಿದ ಮೇಲೆ ಪಡೆದ ಸಹಿ ಇದು ಎಂದು ಯಾರಾದರೂ ಹೇಳಿದರೆ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸಬಹುದು. ಮೊದಲ ಜೆಲ್ ಪೆನ್ನು, ಜಪಾನಿನ ಸಕುರಾ ಕಂಪನಿಯದು, ಬಂದದ್ದು 1984ರಲ್ಲಿ. ಆದ್ದರಿಂದ ಜೆಲ್ ಶಾಯಿಯ ಮಾರ್ಲಿ ಸಹಿ ಖಂಡಿತವಾಗಿ ನಕಲಿ. ಮಾರ್ಲಿಯವರ ಜೊತೆ ಹಾಡುತ್ತಿದ್ದ ಪೀಟರ್ ಟಾಶ್ ಮತ್ತು ಬನ್ನಿ ವೇಲರ್ 1974ರ ಹೊತ್ತಿಗೇ ಅವರ ವೇಲರ್ಸ್ ತಂಡವನ್ನು ಬಿಟ್ಟಿದ್ದರು. ಅನಂತರದ ಪೋಸ್ಟರೊಂದರಲ್ಲಿ ಮಾರ್ಲಿಯವರೂ ಸೇರಿ ಈ ಮೂವರ ಸಹಿಯೂ ಇದ್ದರೆ, ಮೂವರೂ ಎಲ್ಲಿ, ಯಾವ ಸಂದರ್ಭದಲ್ಲಿ ಬರೆದರು ಎಂಬುದಕ್ಕೆ ಮಾರುವವರು ಉತ್ತರ ಕೊಡಬೇಕು.

ಬಳಿಕ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಹಿಡಿಯಿರಿ. ಆಫ್‌ಸೆಟ್ ಮುದ್ರಣ ಯಂತ್ರದಲ್ಲಿ ಚಿತ್ರದೊಡನೆ ಅಚ್ಚಾದ ಸಹಿ ಸಾಮಾನ್ಯವಾಗಿ ಸಣ್ಣ ಬಣ್ಣದ ಚುಕ್ಕಿಗಳಾಗಿ ಒಡೆದು ಕಾಣುತ್ತದೆ. ಕೈಯಿಂದ ಬರೆದ ಮಾರ್ಕರ್ ಗೆರೆ ಅಖಂಡವಾಗಿರುತ್ತದೆ, ಗೆರೆಯ ಮೇಲೆ ಗೆರೆ ಹಾದುಹೋದಲ್ಲಿ ಬಣ್ಣ ಗಾಢವಾಗುತ್ತದೆ, ಕೈಯ ವೇಗ ಬದಲಾದಂತೆ ಗೆರೆಯ ದಪ್ಪವೂ ಬದಲಾಗುತ್ತದೆ. ಆರಂಭದಿಂದ ಕೊನೆಯವರೆಗೆ ಒಂದೇ ದಪ್ಪದಲ್ಲಿ, ತಡವರಿಸಿದಂತೆ ಸಾಗುವ ಗೆರೆ ಕಂಡರೆ ಅನುಮಾನಿಸಿ. ಪ್ರಮಾಣಪತ್ರವೊಂದನ್ನೇ ನಂಬುವುದಕ್ಕಿಂತ ಹಳೆಯ ರಸೀದಿ, ಟಿಕೆಟ್ಟಿನ ತುಂಡು, ಸಹಿ ಮಾಡುತ್ತಿರುವಾಗಿನ ಫೋಟೋ ಇವುಗಳನ್ನು ಕೇಳಿ ಪಡೆಯುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಸಂರಕ್ಷಣೆ. ಕಾಗದಕ್ಕೆ ಹಿತವಾದ ಸಾಪೇಕ್ಷ ಆರ್ದ್ರತೆ, ಎಂದರೆ ಗಾಳಿಯಲ್ಲಿನ ತೇವದ ಮಟ್ಟ, ಸುಮಾರು 35ರಿಂದ 50 ಶೇಕಡಾ. 65 ದಾಟಿದ ಗಾಳಿಯಲ್ಲಿ ಬೂಷ್ಟು ಹಿಡಿಯುವ ಭಯವಿದೆ, ಮತ್ತು ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆಯವರೆಗೆ ನಮ್ಮ ಮನೆಗಳ ಒಳಗಿನ ಗಾಳಿಯೂ ಅದಕ್ಕಿಂತ ಹೆಚ್ಚು ತೇವವಾಗಿಯೇ ಇರುತ್ತದೆ. ಪೋಸ್ಟರನ್ನು ಪಾಲಿಯೆಸ್ಟರ್ ಹಾಳೆಯ ಲಕೋಟೆಯಲ್ಲಿ, ಹಿಂದೆ ಆಮ್ಲರಹಿತ ರಟ್ಟನ್ನಿಟ್ಟು, ಸುರುಳಿ ಸುತ್ತದೆ ಚಪ್ಪಟೆಯಾಗಿ ಇಡಿ. ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಲಕೋಟೆ ಬೇಡ, ಅದು ಕಾಲಕ್ರಮದಲ್ಲಿ ಶಾಯಿಗೆ ಅಂಟಿಕೊಳ್ಳುತ್ತದೆ. ಲಕೋಟೆಗೆ ಸೇರಿಸುವ ಕೆಲಸವನ್ನು ಶಿವರಾತ್ರಿಯ ಆಸುಪಾಸಿನ ಒಣ ದಿನಗಳಲ್ಲಿಯೇ ಮುಗಿಸಬೇಕು. ಮಳೆಗಾಲದಲ್ಲಿ ಮುಚ್ಚಿದರೆ ಕಾಗದ ಆಗಲೇ ಹೀರಿಕೊಂಡಿರುವ ತೇವವನ್ನೂ ಜೊತೆಗೇ ಮುಚ್ಚಿದಂತಾಗುತ್ತದೆ. ಲಕೋಟೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿರಿಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನೂ ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರನ್ನೂ ಒಳಗಿಡಿ, ಜೆಲ್ಲಿನ ಬಣ್ಣ ಬದಲಾದಾಗ ಪೊಟ್ಟಣಗಳನ್ನು ಬದಲಿಸಿ. ಒಲೆಯ ಹೊಗೆ ತಾಗುವ ಅಟ್ಟವೂ ಮಳೆಯ ಹೊಡೆತಕ್ಕೆ ಸಿಗುವ ಹೊರಗೋಡೆಯ ಬೀರುವೂ ಇದಕ್ಕೆ ತಕ್ಕ ಜಾಗಗಳಲ್ಲ.

ಗೋಡೆಗೆ ಹಾಕಲೇಬೇಕೆಂದಿದ್ದರೆ ಬಣ್ಣದ ಪ್ರತಿಯೊಂದನ್ನು ಮಾಡಿಸಿ ಅದಕ್ಕೆ ಕಟ್ಟು ಹಾಕಿಸುವುದು ಲೇಸು, ಏಕೆಂದರೆ ಅನೇಕ ಮಾರ್ಕರ್ ಶಾಯಿಗಳು ಕಿಟಕಿಯ ಬೆಳಕಿಗೇ ಮಾಸುತ್ತವೆ. ಮೂಲವನ್ನೇ ಹಾಕಿಸುವವರು ಅತಿನೇರಳೆ ಕಿರಣ ತಡೆಯುವ ಅಕ್ರಿಲಿಕ್ ಹಾಳೆಯನ್ನು ಬಳಸಿ, ಅದು ಕಾಗದವನ್ನು ಮುಟ್ಟದಂತೆ ನಡುವೆ ಮೌಂಟ್, ಎಂದರೆ ಅಂಚಿನ ರಟ್ಟು, ಇಡಿಸಬೇಕು. ಅಂಟು ಹಚ್ಚಬಾರದು, ಲ್ಯಾಮಿನೇಷನ್ ಮಾಡಬಾರದು ಎಂದು ಕಟ್ಟು ಹಾಕುವವರಿಗೆ ಮುಂಚೆಯೇ ಸ್ಪಷ್ಟವಾಗಿ ಹೇಳಬೇಕು.

ಅಷ್ಟಾಗಿಯೂ ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಹಪ್ಪಳದಂತೆ ಬಿಸಿಲಿಗೂ ಹರಡಬೇಡಿ. ಫ್ಯಾನಿನ ಗಾಳಿ ನೇರವಾಗಿ ತಾಗದ ಒಣ ಕೋಣೆಯಲ್ಲಿ ಪೂರ್ತಿ ಆರಲು ಬಿಟ್ಟು, ಬಳಿಕ ಮಾಸ್ಕ್ ಧರಿಸಿ, ಜಗಲಿಯ ನೆರಳಿನಲ್ಲಿ ಮೃದುವಾದ ಕುಂಚದಿಂದ ಸಹಿಯ ಭಾಗವನ್ನು ಬಿಟ್ಟು ಉಳಿದ ಕಡೆ ಹಗುರವಾಗಿ ಸವರಿ ತೆಗೆಯಿರಿ. ಸಹಿಯ ಮೇಲೆಯೇ ಬೂಷ್ಟು ಇದ್ದರೆ ನೀವಾಗಿ ಮುಟ್ಟದೆ ಕಾಗದ ಸಂರಕ್ಷಣೆಯ ತಜ್ಞರಿಗೆ ಒಪ್ಪಿಸಿ.