ಹಾನಿಯಾಕ್ಕೆ ಹೋಗುವವರಿಗೆ ಒಂದೆರಡು ಮಾತು

ಗ್ರೀಸ್‌ನ ಕ್ರೀಟ್ ದ್ವೀಪದ ಹಾನಿಯಾಕ್ಕೆ ಅಥೆನ್ಸ್ ಬಳಿಯ ಪಿರೇಯಸ್ ಬಂದರಿನಿಂದ ರಾತ್ರಿ ಹಡಗಿನಲ್ಲಿ ಹೊರಡುವವರು ಗಮನಿಸಿ: ಹಡಗು ಚಿತ್ರಗಳಲ್ಲಿ ಕಾಣುವ ಹಳೆಯ ವೆನಿಸ್ ಕಾಲದ ಬಂದರಿಗೆ ಬರುವುದಿಲ್ಲ, ಸೂಡಾ ಎಂಬಲ್ಲಿಗೆ ಬರುತ್ತದೆ. ಅಲ್ಲಿಂದ ಊರಿಗೆ ಆರೇಳು ಕಿಲೋಮೀಟರ್, ಬಸ್ ಇದೆ. ಇದು ತಿಳಿಯದೆ ನಾನು ನಸುಕಿನಲ್ಲಿ ಡೆಕ್ ಮೇಲೆ ನಿಂತು ಹಳೆಯ ಬಂದರಿನ ದೀಪಸ್ತಂಭಕ್ಕಾಗಿ ಸುಮ್ಮನೆ ಕಣ್ಣು ಹಾಯಿಸಿದ್ದೆ.

ಆ ದೀಪಸ್ತಂಭ ಎದುರು ದಡದ ಫಿರ್ಕಾಸ್ ಕೋಟೆಯಿಂದ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ, ಆದರೆ ನಡುವೆ ನೀರು. ಬಂದರಿನ ಪೂರ್ವದ ತುದಿಗೆ ಹೋಗಿ ಅಲೆತಡೆ ಗೋಡೆಯುದ್ದಕ್ಕೂ ನಡೆಯಬೇಕು. ಬಿಸಿಲೇರುವ ಮೊದಲೇ ಹೊರಡಿ, ನೆರಳೆಂಬುದಿಲ್ಲ. ಕಲ್ಲು ಸವೆದು ನುಣುಪಾಗಿದೆ. ಚಪ್ಪಲಿ ಬೇಡ, ಹಿಡಿತವಿರುವ ಬೂಟು ಹಾಕಿಕೊಳ್ಳಿ.

ಊಟಕ್ಕೆ ನೀರಂಚಿನ ಹೋಟೆಲುಗಳನ್ನು ಬಿಟ್ಟು ಹಿಂದಿನ ಓಣಿಗಳಿಗೆ ನುಗ್ಗಿ. ಸಸ್ಯಾಹಾರಿಗಳು ಬೂರೆಕಿ ಕೇಳಿ: ಆಲೂಗಡ್ಡೆ, ಎಳೆ ಜುಕಿನಿ, ಮಿಜಿಥ್ರಾ ಎಂಬ ಚೀಸ್, ಪುದೀನ ಪದರಪದರವಾಗಿ ಬೆಂದಿರುತ್ತವೆ. ಗಟ್ಟಿ ರಸ್ಕಿನ ಮೇಲೆ ಟೊಮೆಟೊ ತುರಿ ಸುರಿದ ಡಾಕೋಸ್ ಕೂಡ ನಮ್ಮ ನಾಲಗೆಗೆ ಒಗ್ಗುತ್ತದೆ. ಕೊನೆಯಲ್ಲಿ ಪುಟ್ಟ ಗ್ಲಾಸಿನಲ್ಲಿ ಬರುವುದು ನೀರಲ್ಲ, ರಾಕಿ ಎಂಬ ದ್ರಾಕ್ಷಿ ಸಾರಾಯಿ! ಹೆಚ್ಚಿನ ಕಡೆ ಅದಕ್ಕೆ ದುಡ್ಡು ಕೇಳುವುದಿಲ್ಲ.