ಪುಟ್ಟ ಗೇಮಿಗೆ ನಿಮ್ಮದೇ ಚಿತ್ರ, ನಿಮ್ಮದೇ ಸಂಗೀತ

ಗೇಮ್ ತಯಾರಿಸುವ ತಂತ್ರಾಂಶ ಗೋಡಾಟ್ 4ರಲ್ಲಿ ಗೇಮ್ ಮಾಡುತ್ತಿರುವ ಗೆಳೆಯರೇ, ನೀವು ಬಿಡಿಸಿದ 16×16 ಪಿಕ್ಸೆಲ್ ಅಳತೆಯ ಪುಟ್ಟ ಪಾತ್ರ ತೆರೆಯ ಮೇಲೆ ಮಸುಕಾಗಿ ಕಾಣುತ್ತಿದೆಯಾ? ತಪ್ಪು ಚಿತ್ರದ್ದಲ್ಲ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ರೆಂಡರಿಂಗ್, ಅದರೊಳಗೆ ಟೆಕ್ಸ್ಚರ್ಸ್‌ಗೆ ಹೋಗಿ ಡೀಫಾಲ್ಟ್ ಟೆಕ್ಸ್ಚರ್ ಫಿಲ್ಟರ್ ಅನ್ನು ‘ನಿಯರೆಸ್ಟ್’ ಮಾಡಿ. ಅಂಚುಗಳು ಚೂಪಾಗುತ್ತವೆ. ದೊಡ್ಡದು ಮಾಡುವಾಗ 2, 3, 4 ಪಟ್ಟು ಮಾಡಿ. ಒಂದೂವರೆ ಪಟ್ಟು ಮಾಡಿದರೆ ಕೆಲವು ಪಿಕ್ಸೆಲ್ ದಪ್ಪ, ಕೆಲವು ಸಣ್ಣ ಆಗುತ್ತವೆ. ಬಿಡಿಸಲು ಬ್ರೌಸರ್‌ನಲ್ಲೇ ಸಿಗುವ ಪಿಸ್ಕೆಲ್ ಸಾಕು. ಪಿಎನ್‌ಜಿಯಾಗಿ ಉಳಿಸಿ. ಜೆಪಿಜಿ ಬೇಡವೇ ಬೇಡ, ಅಂಚಿನ ಬಣ್ಣವೆಲ್ಲ ಕಲೆಸಿಬಿಡುತ್ತದೆ.

ಸಂಗೀತ ಕಲಿತಿಲ್ಲ ಎಂದು ಸುಮ್ನೆ ಹೆದರಬೇಡಿ. ಸಂಗೀತ ಕಟ್ಟುವ ಬೀಪ್‌ಬಾಕ್ಸ್ ಕೂಡ ಬ್ರೌಸರ್‌ನಲ್ಲೇ ಉಚಿತವಾಗಿ ಸಿಗುತ್ತದೆ. ಮೋಹನ ರಾಗದ ಐದು ಸ್ವರ ಗೊತ್ತಲ್ವಾ? ಸ ರಿ ಗ ಪ ದ. ಕೀಬೋರ್ಡಿನಲ್ಲಿ ಸಿ, ಡಿ, ಇ, ಜಿ, ಎ. ಇಷ್ಟರಲ್ಲೇ ಓಡಾಡಿದರೆ ಕಿವಿಗೆ ಕಿರಿಕಿರಿಯಾಗುವ ಸ್ವರಜೋಡಿ ಬರುವುದು ತೀರಾ ಕಡಿಮೆ. ನನಗೆ ಇದು ತುಂಬ ಇಷ್ಟವಾದ ದಾರಿ.

ಈಗ ಮುಖ್ಯ ವಿಷಯ. ಹಿನ್ನೆಲೆ ಸಂಗೀತಕ್ಕೆ ಎಂಪಿ3 ಬಳಸಬೇಡಿ. ಅದರ ಫೈಲಿನ ಮೊದಲಿಗೆ ಚೂರು ಮೌನ ಸೇರಿಕೊಳ್ಳುತ್ತದೆ, ಲೂಪ್ (ಅದೇ ಸಂಗೀತ ಮತ್ತೆ ಮೊದಲಿನಿಂದ ನುಡಿಯುವುದು) ತಿರುಗಿದಾಗಲೆಲ್ಲ ತಾಳ ಮುರಿಯುತ್ತದೆ. ಬೀಪ್‌ಬಾಕ್ಸ್‌ನಿಂದ ವೇವ್ (WAV) ಫೈಲ್ ಆಗಿ ಇಳಿಸಿಕೊಂಡು, ಸದ್ದು ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ಓಜಿಜಿ (OGG) ಫೈಲ್ ಮಾಡಿ. ಗೋಡಾಟ್‌ನ ಇಂಪೋರ್ಟ್ ಟ್ಯಾಬ್‌ನಲ್ಲಿ ಲೂಪ್‌ಗೆ ಟಿಕ್ ಹಾಕಿ, ರೀಇಂಪೋರ್ಟ್ ಒತ್ತಿ. ಜಿಗಿತ, ನಾಣ್ಯದಂಥ ಚಿಕ್ಕ ಸದ್ದುಗಳು ಮಾತ್ರ ವೇವ್ ಆಗಿಯೇ ಇರಲಿ.